ಸಹಾಯ ಬೇಕು: ಸ್ಟಾರ್ಮ್‌ಟ್ರೂಪರ್ ಕವಚದ ತೊಡೆಭಾಗ ಮೊಣಕಾಲಿನ ಹಿಂದೆ ಕಚ್ಚುತ್ತಿದೆ

ಸ್ಟಾರ್ ವಾರ್ಸ್ ಸಿನಿಮಾದ ಬಿಳಿ ಕವಚದ ಸೈನಿಕನ ವೇಷ, 2 ಮಿ.ಮೀ. ದಪ್ಪದ ಬಿಳಿ ಎಬಿಎಸ್ ಪ್ಲಾಸ್ಟಿಕ್ ಕಿಟ್. ತೋಳು, ಮುಂಗೈ ಮುಗಿದಿವೆ: ಅಂಚಿಗೆ ಅಂಚು ಕೂಡಿಸಿ, ಮೇಲೆ ಸಂದು ಮುಚ್ಚುವ 15 ಮಿ.ಮೀ. ಪಟ್ಟಿ, ಇ-6000 ಅಂಟು, ಮ್ಯಾಗ್ನೆಟ್ ಬಿಗಿದು 24 ಗಂಟೆ. ತಕರಾರು ತೊಡೆಯದ್ದು. ಮುಂದೆ 20, ಹಿಂದೆ 25 ಮಿ.ಮೀ. ಪಟ್ಟಿಯ ಲೆಕ್ಕ, ಸದ್ಯ ಪೇಂಟರ್ ಟೇಪಿನಲ್ಲಷ್ಟೇ ಕಟ್ಟಿದೆ. ನಿಂತರೆ ಸರಿ. ಮೆಟ್ಟಿಲು ಹತ್ತಿದರೆ ಹಿಂಬದಿಯ ಕೆಳ ಅಂಚು ಮೊಣಕಾಲಿನ ಹಿಂದೆ ಕಚ್ಚುತ್ತದೆ. ಸುತ್ತಳತೆಯೋ 3 ಸೆಂ.ಮೀ. ಸಡಿಲ! ಸೊಂಟದಿಂದ ತೂಗುವ ಎಲಾಸ್ಟಿಕ್ ಪಟ್ಟಿಯನ್ನು 2 ಸೆಂ.ಮೀ. ಎತ್ತಿದರೆ ಮೇಲಂಚು ತೊಡೆಸಂದಿಗೆ ಚುಚ್ಚುತ್ತದೆ.

ಆ 3 ಸೆಂ.ಮೀ. ಪೂರ್ತಿ ಹಿಂದಿನ ಜೋಡಣೆಯಲ್ಲೇ ಕತ್ತರಿಸಬಹುದೇ? ಮುಂದೆ ಪ್ರತಿ ಬದಿಗೆ 10 ಮಿ.ಮೀ.ಗಿಂತ ಒಳಗೆ ಹೋದರೆ ಏಣು ಹಾಳಾಗಿ ಪಟ್ಟಿ ಸಮ ಕೂರುವುದಿಲ್ಲ. ಕೆಳಗಿನ ಒಳಮಡಿಕೆಯನ್ನು ಪೂರ್ತಿ ತೆಗೆದರೆ ಕಚ್ಚುವುದು ನಿಲ್ಲಬಹುದು, ಆದರೆ ಅಂಚು ತೆಳ್ಳಗೆ ಕಂಡು ಬಿರಿಯುವ ಭಯ. ಕುದಿಯುವ ಹಂತದ ನೀರಿನಲ್ಲಿ ಅದ್ದಿ ಅಂಚನ್ನಷ್ಟೇ ಹೊರಕ್ಕೆ ಬಾಗಿಸಿದವರಿದ್ದರೆ, ಎಷ್ಟು ಸೆಕೆಂಡು ಇಟ್ಟಿರಿ, ತಿರುಚಿಕೊಂಡಿತೇ ಎಂದು ತಿಳಿಸಿ.

ಸೂಪರ್‌ಗ್ಲೂ ಸಲಹೆ ದಯವಿಟ್ಟು ಬೇಡ. ಅದು ಗಡಸಾಗಿ, ನಡೆಯುವಾಗಿನ ಬಾಗುವಿಕೆಗೆ ಸಿಡಿಯುತ್ತದೆ. ಇ-6000 ಆದರೆ ತಪ್ಪಾದಲ್ಲಿ ಎಳೆದು ಬಿಚ್ಚಬಹುದು.