ಬೋಳುಕತ್ತು, ಗುಂಗುರು ಗರಿ, ಗಿಡ್ಡಗಾಲು: ನಾಟಿ ಕೋಳಿಗಳನ್ನು ಒಂದೇ ಬಗೆಗೆ ತರಬೇಕೇ? ಅನುಭವವಿದ್ದವರು ತಿಳಿಸಿ

ತಿಪಟೂರು (ಪ್ರಶ್ನೆ): ನಮ್ಮ ತೆಂಗಿನ ತೋಟದಲ್ಲಿ ತಾಯಿಯವರ ಕಾಲದಿಂದ ಬಂದ ನಾಟಿ ಕೋಳಿಗಳಿವೆ. ಒಂದು ಹೇಟೆಯ ಕತ್ತು ಬೋಳು, ಇನ್ನೊಂದರ ಗರಿಗಳು ಗುಂಗುರು, ಹುಂಜ ಮತ್ತು ಒಂದೆರಡು ಹೇಟೆಗಳ ಕಾಲು ಗಿಡ್ಡ. ಉಳಿದವು ಕೆಂಪು, ಬೂದು, ಕಪ್ಪು, ಚುಕ್ಕೆ ಎಂದು ಬಗೆಬಗೆಯಾಗಿವೆ. ಕೊಳ್ಳಲು ಬರುವವರೆಲ್ಲ ಹಳದಿ ಕಾಲಿನ ಕೆಂಪು ಕೋಳಿಯನ್ನೇ ಕೇಳುತ್ತಾರೆ. ವಿಚಿತ್ರ ರೂಪದವನ್ನು ಮಾರಿ, ಒಂದೇ ಬಗೆಯ ಹಿಂಡು ಕಟ್ಟುವುದು ಸರಿಯೇ?

ಸಿಂಧನೂರು: ಬೋಳುಕತ್ತಿನ ಕೋಳಿಯನ್ನು ಮಾತ್ರ ಮಾರಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು ಎಂಥದೆಂದು ಎಲ್ಲರಿಗೂ ಗೊತ್ತು. ಮೈತುಂಬ ಗರಿಯಿರುವ ಕೋಳಿಗಳು ಮಧ್ಯಾಹ್ನ ಬಾಯಿ ತೆರೆದು ಏದುಸಿರು ಬಿಡುತ್ತ ಮೇವು ಬಿಟ್ಟು ಕೂರುವಾಗ, ನನ್ನ ಬೋಳುಕತ್ತಿನವು ಜಾಲಿಯ ನೆರಳಲ್ಲಿ ಕೆದಕಿಕೊಂಡೇ ಇರುತ್ತವೆ. ಆ ಗುಣದ ವಂಶವಾಹಿ ತಂದೆತಾಯಿಯರಲ್ಲಿ ಒಂದು ಕಡೆಯಿಂದ ಬಂದರೆ ಗರಿಯ ಭಾರ ಸುಮಾರು ಶೇ. 20ರಷ್ಟು, ಎರಡೂ ಕಡೆಯಿಂದ ಬಂದರೆ ಶೇ. 40ರಷ್ಟು ಕಡಿಮೆಯಾಗುತ್ತದೆ. ಕತ್ತಿನ ಮುಂಭಾಗದಲ್ಲಿ ಗರಿಯ ಒಂದು ಗೊಂಚಲು ಉಳಿದಿದ್ದರೆ ಒಂದೇ ಕಡೆಯದು, ಪೂರ್ತಿ ಬೋಳಿದ್ದರೆ ಎರಡೂ ಕಡೆಯದು ಎಂದು ನೋಡಿದೊಡನೆ ತಿಳಿಯಬಹುದು. ಆದರೆ ಇದನ್ನು ಉಳಿಸಿಕೊಳ್ಳಲು ನಾನು ತೆತ್ತ ಬೆಲೆ ಸಣ್ಣದಲ್ಲ. ಸಂತೆಯಲ್ಲಿ ಜವಾರಿ ಕೋಳಿ ಕಿಲೋಗೆ 450 ರೂಪಾಯಿಗೆ ಹೋಗುತ್ತಿದ್ದ ವಾರ, ಇದು ರೋಗದ ಕೋಳಿಯೆಂದು ಹೇಳಿ ನನಗೆ 370 ಕೊಟ್ಟರು. ಎರಡು ಕಿಲೋದ ಹುಂಜಕ್ಕೆ 160 ರೂಪಾಯಿ ಕಳೆದುಕೊಂಡೆ. ಡಿಸೆಂಬರ್‌ನ ಚಳಿಯಲ್ಲಿ ಮರಿಗಳಿಗೆ ಕಾವು ಕೊಡಲು ಇಟ್ಟ ಬಲ್ಬುಗಳಿಂದ ಕರೆಂಟಿನ ಬಿಲ್ಲು 640 ರೂಪಾಯಿ ಹೆಚ್ಚಾಯಿತು, ಗೋಣಿ ಪರದೆಗೆ 900 ಹೋಯಿತು. ಇಷ್ಟಾದರೂ ನಾನು ಈ ತಳಿಯನ್ನು ಬಿಟ್ಟಿಲ್ಲ, ಬಿಡುವುದೂ ಇಲ್ಲ.

ತೀರ್ಥಹಳ್ಳಿ: ಸಿಂಧನೂರಿನವರು ತಮ್ಮ ಊರಿನ ಬಿಸಿಲನ್ನು ಇಡೀ ರಾಜ್ಯಕ್ಕೆ ಹಂಚಬಾರದು. ಮಲೆನಾಡಿನ ಮಳೆಯಲ್ಲಿ ಬೋಳುಕತ್ತಿನ ಕೋಳಿ ಗೂಡಿನ ಮೂಲೆಯಲ್ಲಿ ನಡುಗುತ್ತ ನಿಲ್ಲುವುದನ್ನು ನಾನು ನೋಡಿದ್ದೇನೆ. ಸೊಳ್ಳೆ ಹೆಚ್ಚಾದ ತಿಂಗಳಲ್ಲಿ ಕೋಳಿ ಸಿಡುಬು ಬಂದಾಗ, ಆ ಬರಿಯ ತೊಗಲಿನ ತುಂಬ ಗಂಟುಗಳೆದ್ದವು. ಅರಿಸಿನ, ಬೇವು, ಮುಲಾಮು, ವೈದ್ಯರ ಓಡಾಟವೆಂದು 1,850 ರೂಪಾಯಿ ಖರ್ಚು ಮಾಡಿದರೂ ಉಳಿದದ್ದು ಅರ್ಧಕ್ಕಿಂತ ಕಡಿಮೆ. ಗುಂಗುರು ಗರಿಯದ್ದಂತೂ ನಮ್ಮಲ್ಲಿ ಬದುಕುವುದೇ ಕಷ್ಟ, ಏಕೆಂದರೆ ಸುರುಳಿಯಾದ ಗರಿಯ ಮೇಲೆ ನೀರು ಜಾರುವುದಿಲ್ಲ, ಅದು ನೇರವಾಗಿ ಮೈಗೇ ಇಳಿಯುತ್ತದೆ. ಹಾರಲು ಆಗದ ಕಾರಣ ಹಲಸಿನ ಕೊಂಬೆಗೂ ಏರುವುದಿಲ್ಲ, ಮುಂಗುಸಿಗೆ ಮೊದಲು ಸಿಗುವುದೇ ಅದು. ಎರಡು ಗುಂಗುರು ಕೋಳಿಗಳನ್ನು ಕೂಡಿಸಿದರಂತೂ ನಾಲ್ಕರಲ್ಲಿ ಒಂದು ಪಾಲು ಮರಿಗಳಿಗೆ ಮುಟ್ಟಿದರೆ ಮುರಿಯುವ ವಿರಳ ಗರಿಗಳು ಬರುತ್ತವೆ. ನಾನು ಇಟ್ಟುಕೊಂಡಿರುವುದು ಒಣಗಿದ ತರಗೆಲೆಯ ಬಣ್ಣದ ಹೇಟೆಗಳನ್ನು. ಕಾವಿಗೆ ಕೂತರೆ ಅವು ನನ್ನ ಕಣ್ಣಿಗೇ ಬೀಳುವುದಿಲ್ಲ, ಇನ್ನು ಹದ್ದಿನ ಮಾತೇನು? ಬಿಳಿಯ ಹೇಟೆಗಳನ್ನು ಹದ್ದು ಹಗಲಿನಲ್ಲೇ ಎತ್ತಿಕೊಂಡು ಹೋದ ಮೇಲೆ ಬಲೆಗೆ 4,200 ರೂಪಾಯಿ ಸುರಿದೆ. ಆ ಬಲೆಯ ಮೇಲೆ ಅಡಿಕೆಯ ಸೋಗೆ ಬಿದ್ದು ಒಂದೇ ಮಳೆಗಾಲದಲ್ಲಿ ಹರಿದು ಹೋಯಿತು.

ಸಿಂಧನೂರು: ಮೇಡಂ, ಸಿಡುಬಿಗೆ ಲಸಿಕೆಯಿದೆ. ಲಸಿಕೆ ಹಾಕಿಸದೆ ಕತ್ತನ್ನು ದೂರುವುದು ನ್ಯಾಯವಲ್ಲ. ಗರಿಯಿರುವ ಕೋಳಿಗೂ ಜುಟ್ಟಿನ ಮೇಲೆ, ಕಣ್ಣಿನ ಸುತ್ತ ಸಿಡುಬು ಏಳುತ್ತದೆ.

ತೀರ್ಥಹಳ್ಳಿ: ಲಸಿಕೆ ಹಾಕಿಸಲಿಲ್ಲವೆಂದು ತಮಗೆ ಹೇಳಿದವರು ಯಾರು? ನೂರು ಡೋಸಿನ ಸೀಸೆ ಒಡೆದ ಮೇಲೆ ಅದೇ ದಿನ ಮುಗಿಸಬೇಕು, ನಮ್ಮ ಕೇರಿಯ ಎಲ್ಲ ಮನೆಗಳ ಕೋಳಿಗಳನ್ನು ಒಟ್ಟುಗೂಡಿಸಿ ನಾನೇ ಹಾಕಿಸಿದ್ದೇನೆ. ಮಂಜುಗಡ್ಡೆಯ ಡಬ್ಬಿ ಹಿಡಿದು ಪೇಟೆಯಿಂದ ಬಸ್ಸಿನಲ್ಲಿ ಬಂದವಳು ನಾನು.

ಮದ್ದೂರು: ರೂಪದ ಬೆನ್ನು ಹತ್ತಿದವರ ಕಥೆ ನನ್ನಿಂದ ಕೇಳಿ. ಮೈಯೆಲ್ಲ ಕಪ್ಪಾದ ಕಡಕನಾಥ್ ತಳಿಯೆಂದು ನಂಬಿ, ಮರಿಗೆ 95 ರೂಪಾಯಿಯಂತೆ ನೂರು ಮರಿಗಳನ್ನು ಒಂದು ಮರಿ ಕೇಂದ್ರದಿಂದ ತಂದೆ. ಮರಿಗಳಿಗೆ 9,500, ಸಾಗಣೆಗೆ 1,400, ಶೆಡ್ಡಿನ ತಗಡಿಗೆ 22,000, ಮೊದಲ ಎರಡು ತಿಂಗಳ ಮೇವಿಗೆ 11,600 ರೂಪಾಯಿ ಆಯಿತು. ಗರಿಯೆಲ್ಲ ಕಪ್ಪೇ ಇತ್ತು. ಆದರೆ ಬೆಳೆದಂತೆ ಹಲವದರ ಜುಟ್ಟು ಕೆಂಪಾಯಿತು, ಪಾದದಡಿ ಬಿಳಿಯಾಯಿತು, ಕೊಯ್ದರೆ ಮಾಂಸ ನಸುಬೂದು. ನಿಜವಾದ ಕಡಕನಾಥ್ ಮಧ್ಯಪ್ರದೇಶದ ಝಾಬುವಾದ್ದು, ಅದರ ಮಾಂಸಕ್ಕೆ 2018ರಲ್ಲಿ ಭೌಗೋಳಿಕ ಗುರುತು (ಜಿಐ) ಸಿಕ್ಕಿತು. ಅದರಲ್ಲಿ ತೊಗಲು, ಮೂಳೆಯ ಹೊದಿಕೆ, ಒಳಗಿನ ಅಂಗಗಳವರೆಗೆ ಕಪ್ಪು ಇಳಿದಿರುತ್ತದೆ. ಗರಿ ಕಪ್ಪಾದ ಮಾತ್ರಕ್ಕೆ ಮೈ ಕಪ್ಪಾಗುವುದಿಲ್ಲ, ಗರಿಯ ಬಣ್ಣ ಬೇರೆ, ತೊಗಲಿನ ಕಪ್ಪು ಬೇರೆ. ಕಪ್ಪು ಮೊಟ್ಟೆ ಬೇಕೆಂದು ಬಂದ ಗಿರಾಕಿಗಳಿಗೆ, ಅದರ ಮೊಟ್ಟೆ ಕೆನೆಬಣ್ಣದ್ದೇ ಎಂದು ವಿವರಿಸಿ ವಿವರಿಸಿ ಸಾಕಾಯಿತು. ಕೊನೆಗೆ ಹೊಸತೊಡಕಿನ ಹಿಂದಿನ ದಿನ ಎಲ್ಲವನ್ನೂ ಮಾಮೂಲಿ ನಾಟಿ ಕೋಳಿಯ ದರಕ್ಕೇ ಕೊಟ್ಟುಬಿಟ್ಟೆ. ಆ ಕೇಂದ್ರದವರು ಇಂದಿಗೂ ಫೋನು ಎತ್ತುವುದಿಲ್ಲ.

ಬೆಳ್ತಂಗಡಿ: ನಮ್ಮ ಕಡೆ ಬಣ್ಣವೇ ಕೋಳಿಯ ಹೆಸರು. ಬೊಳ್ಳೆ, ಕಕ್ಕೆ, ಕೆಮ್ಮೈರೆ ಎಂದು ಕರೆದರೆ ಯಾವ ಹುಂಜವೆಂದು ಮಕ್ಕಳಿಗೂ ತಿಳಿಯುತ್ತದೆ. ಇಷ್ಟು ಬಗೆಯ ಬಣ್ಣಗಳು ಇಂದಿಗೂ ಉಳಿದಿರುವುದು ಅಂಕದ ಕೋಳಿಯನ್ನು ಸಾಕಿದವರಿಂದಲೇ, ಇಲಾಖೆಯ ಮರಿಗಳಿಂದಲ್ಲ.

ಮದ್ದೂರು: ಕೋಳಿ ಅಂಕವನ್ನು ಇಲ್ಲಿ ಹೊಗಳಬೇಡಿ. ಪ್ರಾಣಿಗಳನ್ನು ಕಾದಾಟಕ್ಕೆ ಹಚ್ಚುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಕಾಲಿಗೆ ಕತ್ತಿ ಕಟ್ಟಿ ಸಾಯಿಸಿದ ಹುಂಜದಿಂದ ಯಾವ ತಳಿ ಉಳಿಯುತ್ತದೆ?

ಬೆಳ್ತಂಗಡಿ: ನಾನು ಅಂಕಕ್ಕೆ ಹೋಗುವವನಲ್ಲ, ಸಾಕುವವನು. ತಾವು ಗರಿ ನೋಡಿ ಮೋಸ ಹೋದ ಸಿಟ್ಟನ್ನು ನಮ್ಮ ಊರಿನ ಮೇಲೆ ತೀರಿಸಿಕೊಳ್ಳಬೇಡಿ.

ಧಾರವಾಡ (ಪಶುವೈದ್ಯ, ನಿವೃತ್ತ): ದಯವಿಟ್ಟು ಇಬ್ಬರೂ ನಿಲ್ಲಿಸಿ, ಕೇಳಿದವರ ಹಳದಿ ಕಾಲಿನ ವಿಷಯವನ್ನು ಯಾರೂ ಮುಟ್ಟಿಲ್ಲ. ಹಳದಿ ತೊಗಲಿನ ವಂಶವಾಹಿ ಕೆಂಪು ಕಾಡುಕೋಳಿಯಿಂದ ಬಂದದ್ದಲ್ಲ, ನಮ್ಮ ಪಶ್ಚಿಮ ಘಟ್ಟದಲ್ಲೂ ಇರುವ ಬೂದು ಕಾಡುಕೋಳಿಯಿಂದ ಬಂದದ್ದೆಂದು 2008ರಲ್ಲಿ ಸಂಶೋಧಕರು ತೋರಿಸಿದರು. ಅದು ತಂದೆತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಕಾಲು ಹಳದಿಯಾಗುತ್ತದೆ. ಬಂದರೂ ಮೆಕ್ಕೆಜೋಳ, ಹಸಿರು ಸೊಪ್ಪು ತಿನ್ನದಿದ್ದರೆ ಬಣ್ಣ ಏರುವುದಿಲ್ಲ. ಮುಖ್ಯವಾದ ಸಂಗತಿ ಇನ್ನೊಂದಿದೆ. ಹೇಟೆ ಮೊಟ್ಟೆಯಿಡತೊಡಗಿದಾಗ ಆ ಹಳದಿ ಬಣ್ಣ ಮೊಟ್ಟೆಯ ಭಂಡಾರಕ್ಕೆ ಸೇರುತ್ತ ಹೋಗಿ, ಮೊದಲು ಮೊಟ್ಟೆದ್ವಾರದ ಸುತ್ತ, ಆಮೇಲೆ ಕೊಕ್ಕಿನಲ್ಲಿ, ಕೊನೆಗೆ ಕಾಲಿನಲ್ಲಿ ಬಣ್ಣ ಮಾಸುತ್ತದೆ. ತಿಂಗಳುಗಟ್ಟಲೆ ಇಟ್ಟ ಹೇಟೆಯ ಕಾಲು ಬಿಳಿಚಿಕೊಂಡಿರುತ್ತದೆ. ಕಡುಹಳದಿ ಕಾಲಿನ ಹೇಟೆಗಳನ್ನೇ ಆರಿಸಿ ಉಳಿಸಿದರೆ, ಮೊಟ್ಟೆಯಿಡದ ಸೋಮಾರಿಗಳನ್ನೇ ಆರಿಸಿಕೊಂಡ ಹಾಗಾಗುತ್ತದೆ. ನಾನು ನೌಕರಿಯಲ್ಲಿದ್ದಾಗ ಇದನ್ನು ಹಳ್ಳಿಹಳ್ಳಿಯಲ್ಲಿ ಹೇಳಿ, ದಲ್ಲಾಳಿಗಳ ಮಾತಿನೆದುರು ಸೋತಿದ್ದೇನೆ.

ಗಿಡ್ಡಗಾಲಿನ ಹೇಟೆಗಳನ್ನು ಮಾರಬೇಕಿಲ್ಲ, ಆದರೆ ಗಿಡ್ಡಗಾಲಿನ ಹುಂಜದೊಂದಿಗೆ ಬಿಡಬಾರದು. ಗಿಡ್ಡಗಾಲಿಗೆ ಕಾರಣವಾದ ಒಂದು ಬಗೆಯ ವಂಶವಾಹಿ ಎರಡೂ ಕಡೆಯಿಂದ ಸೇರಿದರೆ ಭ್ರೂಣ ಮೊದಲ ವಾರದಲ್ಲೇ ಸಾಯುತ್ತದೆ. ಹಾಗಾಗಿ ನಾಲ್ಕರಲ್ಲಿ ಒಂದು ಮೊಟ್ಟೆ ಬರಡೆಂದು ತೋರುತ್ತದೆ, ಜನ ಹುಂಜವನ್ನು ಬೈಯುತ್ತಾರೆ. ಉದ್ದಗಾಲಿನ ಹುಂಜವನ್ನು ತಂದರೆ ಈ ನಷ್ಟವೇ ಇರುವುದಿಲ್ಲ.

ಮದ್ದೂರು: ಇಷ್ಟೆಲ್ಲ ಲೆಕ್ಕಕ್ಕಿಂತ ಗಿರಿರಾಜ ಸಾಕುವುದೇ ಸುಲಭವಲ್ಲವೇ?

ಧಾರವಾಡ: ಗಿರಿರಾಜ ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಒಳ್ಳೆಯ ತಳಿ, ನಾನೇ ಹಂಚಿದ್ದೇನೆ. ಆದರೆ ಅದು ಕಾವಿಗೆ ಕೂರುವುದು ಅಪರೂಪ. ಮರಿಗಾಗಿ ಪ್ರತಿಸಲ ಹೊರಗಿನವರ ಬಾಗಿಲಿಗೆ ಹೋಗಬೇಕಾಗುತ್ತದೆ, ಆ ಬಾಗಿಲಿನ ಅನುಭವ ತಮಗೇ ಆಗಿದೆ. ನಾಟಿ ಹೇಟೆ ವರ್ಷಕ್ಕೆ 50-60 ಮೊಟ್ಟೆಯಿಟ್ಟರೂ 21 ದಿನ ತಾನೇ ಕೂತು ಮರಿ ಎಬ್ಬಿಸುತ್ತದೆ.

ತಿಪಟೂರು: ಎಲ್ಲರಿಗೂ ವಂದನೆಗಳು. ಹಾಗಾದರೆ ಹುಂಜವನ್ನು ಮಾತ್ರ ಬದಲಿಸುತ್ತೇನೆ. ಗುಂಗುರು ಗರಿಯದ್ದು ನಮ್ಮ ಒಣಹವೆಗೆ ತಾಳುತ್ತದೆಯೇ?

ಸಿಂಧನೂರು: ನನ್ನ ಹತ್ತಿರ ಕತ್ತಿನ ಗೊಂಚಲು ಉಳಿದಿರುವ, ಉದ್ದಗಾಲಿನ ಎಳೆಯ ಹುಂಜವಿದೆ. ತಮ್ಮ ಮಾಮೂಲಿ ಹೇಟೆಗಳಿಗೆ ಬಿಟ್ಟರೆ ಅರ್ಧದಷ್ಟು ಮರಿ ಬೋಳುಕತ್ತು, ಅರ್ಧ ಮಾಮೂಲಿ ಬರುತ್ತವೆ. ಹಣ ಬೇಡ, ಬದಲಿಗೆ ಒಂದು ಹೇಟೆ ಕೊಡಿ.

ತೀರ್ಥಹಳ್ಳಿ: ಗುಂಗುರಿನ ಪ್ರಶ್ನೆಗೆ ಉತ್ತರಿಸದೆ ಮತ್ತೆ ಬೋಳುಕತ್ತನ್ನೇ ಮಾರಾಟಕ್ಕೆ ಇಟ್ಟಿದ್ದೀರಿ. ತಿಪಟೂರಿನವರೇ, ಯಾರ ಹುಂಜವನ್ನು ತಂದರೂ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಆಗಿದೆಯೇ ಎಂದು ಕೇಳಿ, ಮೂರು ವಾರ ಬೇರೆ ಗೂಡಿನಲ್ಲಿಟ್ಟು ನೋಡಿ, ಆಮೇಲೆ ಹಿಂಡಿಗೆ ಬಿಡಿ.

ಸಿಂಧನೂರು: ಲಸಿಕೆ ಆಗಿದೆ. ಹಾಕಿಸಿದ ದಿನಾಂಕ ಗೂಡಿನ ಬಾಗಿಲ ಮೇಲೆಯೇ ಬರೆದಿದೆ, ಚಿತ್ರ ಕಳುಹಿಸುತ್ತೇನೆ. ನಾನು ಮಾರುತ್ತಿಲ್ಲ, ವಿನಿಮಯ ಕೇಳಿದ್ದೇನೆ.