ಕಾರ್ನ್ ಸ್ನೇಕ್ ಮರಿ ಇಲಿ ತಿನ್ನುತ್ತಿಲ್ಲ, ಕೈ ಹಾಕಿದರೆ ಕಚ್ಚುತ್ತದೆ. ಏನು ಮಾಡಲಿ?

ರೀಡಿಂಗ್_ಅಮ್ಮ
ಎಲ್ಲರಿಗೂ ನಮಸ್ಕಾರ. ನಾವಿರುವುದು ಇಂಗ್ಲೆಂಡಿನ ರೀಡಿಂಗ್‌ನಲ್ಲಿ. ಮಗಳಿಗೆ ಹನ್ನೊಂದು ವರ್ಷ, ಹಾವೆಂದರೆ ಪ್ರಾಣ. ಹೋದ ತಿಂಗಳು ಒಂದು ಕಾರ್ನ್ ಸ್ನೇಕ್ (ಅಮೆರಿಕ ಮೂಲದ, ಮನೆಯಲ್ಲಿ ಸಾಕುವ ಹಾವು) ಮರಿ ತಂದೆವು, ಒಂದಡಿಗಿಂತ ಸ್ವಲ್ಪ ಉದ್ದ ಇರಬಹುದು. ಅಂಗಡಿಯಲ್ಲಿ ಚೆನ್ನಾಗಿ ತಿನ್ನುತ್ತಿತ್ತಂತೆ. ಇಲ್ಲಿಗೆ ಬಂದ ಮೇಲೆ ಒಂದು ಸಲ ತಿಂದಿದ್ದು ಬಿಟ್ಟರೆ ಫ್ರೀಜರ್‌ನ ಇಲಿಮರಿಯನ್ನು ಮೂಸಿ ನೋಡಿ ಹಾಗೇ ಬಿಡುತ್ತಿದೆ. ಮಗಳು ದಿನಾ ಸಂಜೆ ಕೈಗೆತ್ತಿಕೊಳ್ಳುತ್ತಾಳೆ, ಈಗ ಕೈ ಹತ್ತಿರ ಬಂದರೆ ಸಾಕು, ಬಾಲ ಅದುರಿಸಿ ಕುತ್ತಿಗೆ ಮಡಚಿ ಹಾರುತ್ತದೆ. ನಿನ್ನೆ ಬೆರಳಿಗೆ ಕಚ್ಚಿ ತಕ್ಷಣ ಬಿಟ್ಟಿತು, ಸ್ವಲ್ಪ ರಕ್ತ ಬಂತು. ವಿಷ ಇಲ್ಲ ಅಂತ ಗೊತ್ತು, ಆದರೂ ಮಂಡ್ಯದಲ್ಲಿ ಬೆಳೆದ ಯಜಮಾನರು ವಾಪಸ್ ಕೊಟ್ಟುಬಿಡೋಣ ಅನ್ನುತ್ತಿದ್ದಾರೆ. ಮಗಳು ಅಳುತ್ತಿದ್ದಾಳೆ. ಸಾಕಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಕೇರೆಹಾವು
ಮೇಡಂ, ಹಾವನ್ನು ವಾಪಸ್ ಕೊಡಬೇಡಿ. ನಿಮ್ಮ ಎರಡು ತೊಂದರೆಗೂ ಮೂಲ ಒಂದೇ, ಮರಿ ಹೆದರಿದೆ. ಹಕ್ಕಿ, ಬೆಕ್ಕು, ದೊಡ್ಡ ಹಾವು, ಎಲ್ಲಕ್ಕೂ ಆಹಾರ ಆಗುವಷ್ಟು ಚಿಕ್ಕದು ಅದು. ಮೇಲಿಂದ ಬರುವ ಕೈ ಅದರ ಪಾಲಿಗೆ ಶತ್ರುವೇ. ದಿನಾ ಎತ್ತಿಕೊಳ್ಳುವುದನ್ನು ಇವತ್ತೇ ನಿಲ್ಲಿಸಿ. ನೀರು ಬದಲಾಯಿಸೋದು, ಹೇಲು ತೆಗೆಯೋದು, ಅಷ್ಟಕ್ಕೆ ಮಾತ್ರ ಪೆಟ್ಟಿಗೆ ತೆರೆಯಿರಿ. ಎರಡು ಮೂರು ಸಲ ಸರಿಯಾಗಿ ತಿಂದ ಮೇಲೆ ಮತ್ತೆ ಎತ್ತಿಕೊಳ್ಳಬಹುದು.

ಮೊದಲು ಪೆಟ್ಟಿಗೆಯ ಶಾಖ ನೋಡಿ. ಒಂದು ಕಡೆ 28ರಿಂದ 30 ಡಿಗ್ರಿ, ಇನ್ನೊಂದು ಕಡೆ 22ರಿಂದ 24 ಇರಬೇಕು. ಹೀಟ್ ಮ್ಯಾಟ್‌ಗೆ, ಅಂದರೆ ಪೆಟ್ಟಿಗೆ ಬಿಸಿ ಮಾಡುವ ವಿದ್ಯುತ್ ಚಾಪೆಗೆ, ಶಾಖ ಮಿತಿಯಲ್ಲಿಡುವ ಥರ್ಮೋಸ್ಟಾಟ್ ಇಲ್ಲದಿದ್ದರೆ ಹಾವು ಸುಟ್ಟುಕೊಳ್ಳಬಹುದು, ಅದನ್ನು ಇವತ್ತೇ ಹಾಕಿಸಿ. ಮೈ ತಣ್ಣಗಿದ್ದರೆ ತಿಂದದ್ದು ಅರಗುವುದಿಲ್ಲ, ಹಾಗಾಗಿ ಹಾವು ತಿನ್ನೋದಕ್ಕೇ ಹೋಗುವುದಿಲ್ಲ. ಬೆಚ್ಚಗಿನ ಕಡೆ ಒಂದು, ತಣ್ಣಗಿನ ಕಡೆ ಒಂದು, ಮೈ ತಾಗುವಷ್ಟು ಇಕ್ಕಟ್ಟಾದ ಅಡಗುತಾಣ ಬೇಕು. ಕಣ್ಣು ನೀಲಿಯಾಗಿ ಮಸುಕಾಗಿದ್ದರೆ ಪೊರೆ ಬಿಡುವ ಸಮಯ ಅಂತ ಅರ್ಥ, ಆಗ ಊಟ ಬಿಡೋದು ಮಾಮೂಲು, ಪೊರೆ ಕಳಚಿದ ಮೇಲೆ ಕೊಡಿ.

ಇಲಿಯನ್ನು ಹೇಗೆ ಕರಗಿಸುತ್ತೀರಿ? ಮೈಕ್ರೋವೇವ್ ಬೇಡವೇ ಬೇಡ, ಒಳಗೆ ಬೆಂದು ಒಡೆಯುತ್ತದೆ. ಹಿಂದಿನ ರಾತ್ರಿ ಫ್ರಿಜ್‌ನಲ್ಲಿಟ್ಟು, ಕೊಡುವ ಮುಂಚೆ ಕವರ್ ಸಮೇತ ಬಿಸಿನೀರಲ್ಲಿ ಇಟ್ಟು, ಮುಟ್ಟಿದರೆ ಬೆಚ್ಚಗಿದೆ ಅನ್ನಿಸುವ ತನಕ ಬಿಡಿ, ಸುಮಾರು 37, 38 ಡಿಗ್ರಿ ಬಂದರೆ ಸಾಕು. ತಣ್ಣಗಿನ ಇಲಿಯನ್ನು ಬಹಳ ಮರಿಗಳು ಊಟ ಅಂತಲೇ ಗುರುತಿಸುವುದಿಲ್ಲ. ಈ ವಯಸ್ಸಿಗೆ ಪಿಂಕಿ, ಅಂದರೆ ಕೂದಲು ಬಾರದ ಇಲಿಮರಿ, ಐದರಿಂದ ಏಳು ದಿನಕ್ಕೊಂದು. ಹಾವಿನ ಮೈಯ ಅತಿ ದಪ್ಪ ಜಾಗಕ್ಕಿಂತ ಇಲಿ ಜಾಸ್ತಿ ದಪ್ಪ ಇರಬಾರದು. ಉದ್ದನೆಯ ಚಿಮಟದಲ್ಲಿ ಹಿಡಿದು ಕೊಡಿ. ಹೆದರಿದರೆ ಅಡಗುತಾಣದ ಬಾಗಿಲಲ್ಲಿಟ್ಟು, ದೀಪ ಆರಿಸಿ, ಬೆಳಗ್ಗೆ ನೋಡಿ. ಉಳಿದಿದ್ದರೆ ಎಸೆಯಿರಿ, ಮತ್ತೆ ಫ್ರೀಜ್ ಮಾಡಬೇಡಿ. ಮತ್ತೆ ಮರುದಿನವೇ ಕೊಡೋಕೆ ಹೋಗಬೇಡಿ, ಐದು ದಿನ ಬಿಡಿ. ತಿಂದ ಮೇಲೆ 48 ಗಂಟೆ ಮುಟ್ಟಬಾರದು. ಕಕ್ಕಿಬಿಟ್ಟರೆ ಹತ್ತು ದಿನವಾದರೂ ಹೊಟ್ಟೆಗೆ ಬಿಡುವು ಕೊಟ್ಟು, ಆಮೇಲೆ ಮೊದಲಿಗಿಂತ ಚಿಕ್ಕ ಇಲಿ ಕೊಡಿ. ಎರಡನೇ ಸಲವೂ ಕಕ್ಕಿದರೆ ಸರೀಸೃಪ ನೋಡುವ ವೆಟ್ ಹತ್ತಿರ ಹೋಗಿ.

ಡಲ್ಲಾಸ್_ಕನ್ನಡಿಗ
ಊಟದ ಬಗ್ಗೆ ಅವರು ಸರಿಯಾಗಿ ಹೇಳಿದ್ದಾರೆ. ಕಡಿತದ ಬಗ್ಗೆ ನಾನು ಹೇಳುತ್ತೇನೆ. ಕಚ್ಚಿ ತಕ್ಷಣ ಬಿಟ್ಟರೆ ಅದು ಭಯದ ಕಡಿತ. ಕಚ್ಚಿ ಹಿಡಿದುಕೊಂಡು ಬೆರಳಿಗೆ ಸುತ್ತಿಕೊಂಡರೆ ಊಟ ಅಂತ ತಪ್ಪು ತಿಳಿದಿದೆ. ನಿಮ್ಮದು ಮೊದಲನೆಯದು. ಎರಡನೆಯದು ಸಾಮಾನ್ಯವಾಗಿ ಕೈಗೆ ಇಲಿಯ ವಾಸನೆ ಇದ್ದಾಗ ಆಗುತ್ತದೆ, ಅದಕ್ಕೇ ಇಲಿ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಹಾವಿನ ಹತ್ತಿರ ಹೋಗಬಾರದು.

ಹಿಡಿದುಕೊಂಡರೆ ಕೈ ಎಳೆದುಕೊಳ್ಳಬೇಡಿ. ಹಲ್ಲುಗಳು ಹಿಂದಕ್ಕೆ ಬಾಗಿವೆ, ಎಳೆದರೆ ನಿಮ್ಮ ಚರ್ಮ ಹರಿಯುತ್ತದೆ, ಹಾವಿನ ಹಲ್ಲೂ ಮುರಿಯುತ್ತದೆ. ಸುಮ್ನೆ ನಿಂತರೆ ಅದೇ ಬಿಡುತ್ತದೆ. ಬಿಡದಿದ್ದರೆ ನಲ್ಲಿಯ ತಣ್ಣೀರು ಬಿಡಿ, ಅಥವಾ ತಲೆಯನ್ನು ಮೆತ್ತಗೆ ಮುಂದಕ್ಕೆ ತಳ್ಳಿ ಹಲ್ಲು ಬಿಡಿಸಿ. ಆಮೇಲೆ ಗಾಯಕ್ಕೆ ಸೋಪು ನೀರು, ಆಂಟಿಸೆಪ್ಟಿಕ್. ಟಿಟನಸ್ ಲಸಿಕೆ ಆಗಿದೆಯಾ ನೋಡಿಕೊಳ್ಳಿ. ಒಂದೆರಡು ದಿನದಲ್ಲಿ ಕೆಂಪಗೆ ಊದಿದರೆ ಡಾಕ್ಟರಿಗೆ ತೋರಿಸಿ.

ಮಗಳಿಗೆ ಇನ್ನೊಂದು ಹೇಳಿಕೊಡಿ. ಮೇಲಿಂದ ಕೈ ಹಾಕದೆ ಪಕ್ಕದಿಂದ ತರಬೇಕು, ತಲೆ ಬಿಟ್ಟು ಮೈಯ ನಡುಭಾಗಕ್ಕೆ ಕೈ ಕೊಡಬೇಕು. ಕಚ್ಚಿದ ತಕ್ಷಣ ಗಾಬರಿಯಿಂದ ಪೆಟ್ಟಿಗೆಯೊಳಗೆ ಬಿಟ್ಟುಬಿಟ್ಟರೆ, ಕಚ್ಚಿದರೆ ಇವರು ಬಿಡುತ್ತಾರೆ ಅಂತ ಅದಕ್ಕೆ ರೂಢಿ ಆಗುತ್ತದೆ. ಶಾಂತವಾದ ಮೇಲೆ ಒಳಗೆ ಬಿಡಿ. ಬೆಳೆದಂತೆ ಈ ಕಚ್ಚುವ ಚಾಳಿ ಹೆಚ್ಚಿನವುಗಳಲ್ಲಿ ಹೋಗುತ್ತದೆ.

ರೀಡಿಂಗ್_ಅಮ್ಮ
ಇಬ್ಬರಿಗೂ ತುಂಬಾ ಧನ್ಯವಾದ. ಥರ್ಮೋಸ್ಟಾಟ್ ಇದೆ, ಆದರೆ ಈಗ ಅಳೆದರೆ ಬೆಚ್ಚಗಿನ ಕಡೆಯೇ 24 ತೋರಿಸುತ್ತಿದೆ. ಇವತ್ತೇ ಸರಿ ಮಾಡಿಸುತ್ತೇನೆ. ಇನ್ನೊಂದು ಪ್ರಶ್ನೆ, ಮೂರು ವರ್ಷದ ಮಗನೂ ಇದ್ದಾನೆ, ಅವನು ಮುಟ್ಟಬಹುದಾ?

ಕೇರೆಹಾವು
ಬೇಡ. ಆರೋಗ್ಯವಾಗಿರುವ ಹಾವಿನ ಮೈಮೇಲೂ ಸಾಲ್ಮೊನೆಲ್ಲಾ ಅನ್ನುವ, ವಾಂತಿ ಭೇದಿ ತರುವ ಬ್ಯಾಕ್ಟೀರಿಯಾ ಇರಬಹುದು, ಐದು ವರ್ಷದೊಳಗಿನ ಮಕ್ಕಳಿಗೆ ಅದು ಜೋರಾಗಿ ಬಾಧಿಸುತ್ತದೆ. ದೂರದಿಂದ ನೋಡಲಿ. ಹಾವಿನ ನೀರಿನ ಬಟ್ಟಲನ್ನು ಅಡುಗೆಮನೆ ಸಿಂಕಿನಲ್ಲಿ ತೊಳೆಯಬೇಡಿ.

ಹಾಸನ_ಹುಡುಗ
ಅಣ್ಣಂದಿರೇ, ನಮ್ಮ ತೋಟದಲ್ಲಿ ಹೆಬ್ಬಾವಿನ ಮರಿ ಥರದ್ದು ಸಿಕ್ಕಿದೆ, ಬಕೆಟ್‌ನಲ್ಲಿ ಇಟ್ಟಿದ್ದೇನೆ. ಇದಕ್ಕೂ ಇಲಿ ಹೀಗೇ ಕೊಡಬಹುದಾ?

ಕೇರೆಹಾವು
ತಮ್ಮಾ, ಅದನ್ನು ಮುಟ್ಟಬೇಡ. ಕೊಳಕುಮಂಡಲದ ಮರಿಯನ್ನು ಹೆಬ್ಬಾವಿನ ಮರಿ ಅಂದುಕೊಂಡು ಹಿಡಿಯೋಕೆ ಹೋಗಿ ಕಚ್ಚಿಸಿಕೊಂಡವರು ಬಹಳ ಜನ. ಮರಿಗೂ ವಿಷ ಇರುತ್ತದೆ. ಮೇಲೆ ಹೇಳಿದ್ದೆಲ್ಲ ಸಾಕಣೆಯಲ್ಲೇ ಹುಟ್ಟಿದ, ವಿಷವಿಲ್ಲದ ಹಾವಿಗೆ ಮಾತ್ರ. ನಿನ್ನ ಬಕೆಟ್‌ನಲ್ಲಿರೋದು ಹೆಬ್ಬಾವೇ ಆಗಿದ್ದರೂ ಮನೆಯಲ್ಲಿ ಇಟ್ಟುಕೊಳ್ಳೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಬಕೆಟ್ ಮೇಲೆ ಗಾಳಿಯಾಡುವ ಭಾರದ ಮುಚ್ಚಳ ಇಟ್ಟು, ಮಕ್ಕಳನ್ನು ದೂರ ಕಳಿಸಿ, ಅರಣ್ಯ ಇಲಾಖೆಗೆ ಈಗಲೇ ಫೋನ್ ಮಾಡು. ಈಗಾಗಲೇ ಕಚ್ಚಿದ್ದರೆ ಕುಯ್ಯಬೇಡ, ಬಿಗಿಯಾಗಿ ಕಟ್ಟಬೇಡ, ನಾಟಿ ಔಷಧಿ ಬೇಡ. ಕೈ ಅಲ್ಲಾಡಿಸದೆ, ಉಂಗುರ ವಾಚ್ ಬಿಚ್ಚಿ, ಆಂಟಿವೆನಮ್ ಇರುವ ಸರ್ಕಾರಿ ಆಸ್ಪತ್ರೆಗೆ ಹೋಗು. ಕಚ್ಚಿದೆಯಾ ಇಲ್ಲವಾ, ಮೊದಲು ಅದನ್ನು ಹೇಳು.

ಹಾಸನ_ಹುಡುಗ
ಕಚ್ಚಿಲ್ಲ ಅಣ್ಣ. ಮುಚ್ಚಳ ಹಾಕಿದೆ, ಫೋನ್ ಮಾಡ್ತಿದ್ದೇನೆ.