ಅಪ್‌ಡೇಟ್: ಪುಣೆಗೆ ಡೌನ್ ಕಂಫರ್ಟರ್, ಒಂದು ವರ್ಷದ ನಂತರ

ಹೋದ ಅಕ್ಟೋಬರ್‌ನಲ್ಲಿ ಕೇಳಿದ್ದೆ: ಪುಣೆಯ ಹವೆಗೆ ವರ್ಷಪೂರ್ತಿ ಒಂದೇ ಡೌನ್ ಕಂಫರ್ಟರ್ (ಬಾತುಕೋಳಿಯ ಮೆತ್ತನೆಯ ಒಳಪುಕ್ಕ, ಅಂದರೆ ಡೌನ್, ತುಂಬಿದ ಹೊದಿಕೆ) ಸಾಕಾ, 800 ಫಿಲ್ ಪವರ್ ಅಂದರೆ ಜಾಸ್ತಿ ಬೆಚ್ಚಗಾ ಅಂತ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್.

ನೀವು ಹೇಳಿದ್ದೇ ಸರಿ: ಬರೀ ಫಿಲ್ ಪವರ್ ನೋಡಿ ಜಾಸ್ತಿ ಬೆಚ್ಚಗೆ ಅನ್ನೋಕಾಗಲ್ಲ. ಫಿಲ್ ಪವರ್ ಅನ್ನೋದು ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ ಡೌನ್ ಎಷ್ಟು ಘನ ಇಂಚು ಉಬ್ಬುತ್ತದೆ ಅನ್ನೋ ಲೆಕ್ಕ. ಎಷ್ಟು ಬೆಚ್ಚಗೆ ಅಂತ ತಿಳಿಯಲು ಒಳಗೆ ತುಂಬಿದ ತೂಕವನ್ನೂ ಕೇಳಬೇಕು. ಅಂಗಡಿಯವನೋ, ಥ್ರೆಡ್ ಕೌಂಟ್ (ಬಟ್ಟೆಯ ಒಂದು ಚದರ ಇಂಚಿನಲ್ಲಿ ಎಷ್ಟು ಎಳೆ ಅನ್ನೋ ಲೆಕ್ಕ) ಬಿಟ್ಟು ಬೇರೆ ಮಾತೇ ಆಡಲಿಲ್ಲ!

ಕೊನೆಗೆ 700 ಫಿಲ್ ಪವರ್‌ನದ್ದು, ಕಡಿಮೆ ತೂಕ ತುಂಬಿದ್ದು ತಗೊಂಡೆ. ಚೌಕ ಚೌಕ ಹೊಲಿಗೆ. ಬೆರಳಿಂದ ಒತ್ತಿದರೆ ಮೇಲಿನ ಬಟ್ಟೆಗೂ ಕೆಳಗಿನದಕ್ಕೂ ನಡುವೆ ಪುಟ್ಟ ಬಟ್ಟೆಯ ಗೋಡೆ ಸಿಗುತ್ತದೆ. ಅದಿಲ್ಲದಿದ್ದರೆ ಹೊಲಿಗೆಯ ಗೆರೆಯಲ್ಲೇ ಚಳಿ ನುಗ್ಗುತ್ತದೆ.

ಜನವರಿಯ ರಾತ್ರಿಗಳಲ್ಲಿ ಸ್ವರ್ಗ. ಏಪ್ರಿಲ್‌ನಲ್ಲಿ ಎಸಿ ಇದ್ದರೆ ಮಾತ್ರ. ಕರೆಂಟು ಹೋದ ರಾತ್ರಿ ಒದ್ದು ಕೆಳಗೆ ಹಾಕಿದೆ.

ತಪ್ಪು ಮಾಡಿದ್ದು ಆಮೇಲೆ. ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿಟ್ಟೆ. ಜುಲೈ ಮಳೆಯಲ್ಲಿ ತೆಗೆದರೆ ಕೋಳಿಗೂಡಿನ ವಾಸನೆ, ಒಂದು ಮೂಲೆಯಲ್ಲಿ ಡೌನ್ ಮುದ್ದೆಮುದ್ದೆ. ಲಾಂಡ್ರಿಯ ಡ್ರೈಯರ್‌ನಲ್ಲಿ ಕಡಿಮೆ ಬಿಸಿಗೆ, ಎರಡು ಟೆನಿಸ್ ಬಾಲ್ ಜೊತೆ ತಿರುಗಿಸಿದ ಮೇಲೆ ಮತ್ತೆ ಉಬ್ಬಿತು. ಈಗ ಕಾಟನ್ ಚೀಲದಲ್ಲಿದೆ.

ಧಾರವಾಡದಿಂದ ಬಂದಿದ್ದ ಅವ್ವ ನೋಡಿ, "ಇಷ್ಟ ರೊಕ್ಕಾ ಕೊಟ್ಟು ಬಾತುಕೋಳಿ ಪುಕ್ಕ ಹೊಚಗೋತೀಯೇನೋ?" ಅಂದಳು. ಮೇ ತಿಂಗಳಿಂದ ನಾನು ಹೊದೆಯುತ್ತಿರುವುದು ಅವಳು ಹೊಲಿದ ಕೌದಿ.